ಎರಡು ಮೂಟೆ ಬೋಕಿ

ಫೆಬ್ರವರಿ 3, 2025, ಸೋಮವಾರ

ಸಂಜೆ ಏಳು ಗಂಟೆ. ಹಾಲು ಹಾಕಿ ಬಂದು, ಬೆಳಗಿನ ಮುದ್ದೆಯನ್ನು ನಿಂತುಕೊಂಡೇ ಉಂಡು, ಈಗ ಕುಳಿತಿದ್ದೇನೆ. ಈ ಡೈರಿ ಕನಕಪುರದ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಪುಟದ ಮೇಲೆ ರಾಹುಕಾಲ, ಕೆಳಗೆ ಯೂರಿಯಾದ ಗುಣಗಾನ, ನಡುವೆ ಉಳಿದ ಜಾಗ ನನ್ನದು. ಜನವರಿಯೆಲ್ಲ ಖಾಲಿ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಎಪ್ಪತ್ತೆಂಟು ತೆಗೆದಿದ್ದ ಹೆಂಗಸಿಗೆ ಒಂದು ತಿಂಗಳು ಬರೆಯಲು ಒಂದು ಸಾಲೂ ಸಿಕ್ಕಿರಲಿಲ್ಲ. ಇವತ್ತು ಸಿಕ್ಕಿದೆ.

ಬೆಳಿಗ್ಗೆ ಹತ್ತಕ್ಕೆ ಮನೆ ಮುಂದೆ ಜೀಪು ನಿಂತಿತು. ಇಳಿದವರು ಮೂವರು. ಟೋಪಿ ಹಾಕಿದ್ದ ಪ್ರತಿಮಾ ಮೇಡಂ, ಮೈಸೂರಿನಿಂದ ಬಂದ ಉತ್ಖನನದವರು. ಜೊತೆಗೆ ಅವರ ವಿದ್ಯಾರ್ಥಿಗಳು, ಮನೋಹರ್ ಎಂಬ ಉದ್ದನೆಯ ಹುಡುಗ ಮತ್ತು ಚನ್ನಪಟ್ಟಣದ ಅತಿಯಾ.

“ಮುನಿಕೃಷ್ಣ ಅವರ ಮನೆ ಇದೇನಾ?”

“ಹೂಂ.”

“ಇದ್ದಾರಾ?”

“ಇಲ್ಲ.”

“ಯಾವಾಗ ಬರ್ತಾರೆ?”

ನಾನು “ಆಷಾಢದಲ್ಲಿ ಹೋದ್ರು” ಎಂದೆ. ಮೇಡಂ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಅರ್ಥವಾಗಿ ಟೋಪಿ ತೆಗೆದರು. ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲಿನೊಳಗೆ ನಮ್ಮ ಮನೆಯವರ ಕಾಗದ ಇತ್ತು. ಗಾಳಿಗೆ ಬಾಗಿದ ಜೋಳದ ದಂಟಿನಂಥ ಅಕ್ಷರ. ನಾನು ಹಸುವಿನ ಕಡೆ ನೋಡಿದೆ.

ಇವರು ಹನ್ನೊಂದು ವರ್ಷದಲ್ಲಿ ಏಳು ಕಾಗದ ಬರೆದಿದ್ದರು. ನಮ್ಮ ಜಮೀನಿನ ಆಸುಪಾಸಿನಲ್ಲಿ ಹಳೇ ಕಾಲದ ಒಕ್ಕಲು ಊರೊಂದು ಹೂತುಹೋಗಿದೆ, ದಯಮಾಡಿ ಬಂದು ನೋಡಿ ಎಂದು. ಏಳನೆಯದಕ್ಕೆ ಉತ್ತರವಾಗಿ ಜೀಪು ಬಂದಿದೆ. ಬರೆದವರು ಇಲ್ಲ.

ಮಧ್ಯಾಹ್ನದವರೆಗೂ ಅವರು ನಮ್ಮ ಹೊಲವನ್ನು ಸಾಲು ಹಿಡಿದು ನಡೆದರು. ಸಿಕ್ಕಿದ್ದು ಎರಡು ಚೂರು, ಅದರಲ್ಲಿ ಒಂದು ನಾನೇ ಒಡೆದ ಹೂವಿನ ಕುಂಡದ್ದು. ಆಮೇಲೆ ಅತಿಯಾ ಕೈ ತೊಳೆಯಲು ಹಿತ್ತಲಿಗೆ ಹೋದವಳು ಕೂಗಿಕೊಂಡಳು. ಎಲ್ಲರೂ ಓಡಿದರು. ನಮ್ಮ ಕೊಟ್ಟಿಗೆಯ ನೆಲದ ತುಂಬ ಮಡಕೆಯ ಚೂರು. ಕರಿದು, ಕೆಂಪು, ಹೊಳಪಿನದು, ಗೀಟು ಹಾಕಿದ್ದು. ಮೇಡಂ ಸಗಣಿಯಲ್ಲೇ ಮಂಡಿಯೂರಿದರು. ಮೂವತ್ತು ವರ್ಷ ಆ ನೆಲ ಬಾಚಿದ್ದೇನೆ, ಅದಕ್ಕೆ ಅಷ್ಟು ಭಕ್ತಿ ತೋರಿದವರನ್ನು ಕಂಡಿರಲಿಲ್ಲ.

“ಊರಿನ ನಡುಭಾಗ ಇಲ್ಲೇ ಇದೆ” ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಯಜಮಾನರು ಎರಡು ಮೂಟೆ ಚೂರು ಆರಿಸಿಟ್ಟಿದ್ದೀನಿ ಅಂತ ಬರೆದಿದ್ದಾರಲ್ಲ, ಅದೆಲ್ಲಿ?” ಎಂದು ಕೇಳಿದರು.

ಅದು ಅವರ ಮಂಡಿಯ ಕೆಳಗೇ ಇತ್ತು. ನಾನು ಹೇಳಿದ್ದು ಬೇರೆ. “ಅವ್ರ ಜೊತೆ ಗುಂಡಿಗೇ ಇಕ್ಬುಟ್ವಿ ಮೇಡಂ.”

ಮೇಡಂ ಕಣ್ಣು ಅರಳಿದವು. ಸತ್ತವರ ಜೊತೆ ಅವರ ಪ್ರೀತಿಯ ವಸ್ತು ಇಡುವುದು ಎರಡು ಸಾವಿರ ವರ್ಷ ಹಿಂದಿನ ಪದ್ಧತಿಯಂತೆ, ಅದು ಇಲ್ಲಿ ಇನ್ನೂ ಉಳಿದಿದೆಯಲ್ಲ ಎಂದು ಒಂದು ಪುಟ ಬರೆದುಕೊಂಡರು. ನಾನು ಬಾಯಿ ಬಿಟ್ಟರೆ ಒಂದು ಪದ್ಧತಿಯೇ ಹುಟ್ಟುತ್ತದೆ.

ನಾಡಿದ್ದಿನಿಂದ ಕೊಟ್ಟಿಗೆ ಅಗೆಯುತ್ತಾರೆ. ಚೂರು ತೊಳೆಯುವ ಕೆಲಸ ನನಗೇ ಕೊಟ್ಟಿದ್ದಾರೆ.

ಫೆಬ್ರವರಿ 5, ಬುಧವಾರ

ಹಸು ಕೆಂಪಿಯನ್ನು ನಡುಮನೆಯಲ್ಲಿ ಕಟ್ಟಿದ್ದೇನೆ. ಟಿ.ವಿ. ಮುಂದೆ ನಿಂತು ಮೆಲುಕು ಹಾಕುತ್ತಿದೆ. ಏಳು ತಿಂಗಳಲ್ಲಿ ಮನೆಯೊಳಗೆ ಉಸಿರಾಡುವ ಎರಡನೇ ಜೀವ ಅದೇ.

ಯಾರೂ ಓದದ ಕಡೆಯಾದರೂ ನಿಜ ಬರೆಯಬೇಕು.

ನಮ್ಮ ಕಡೆ ಮಡಕೆ ಚೂರಿಗೆ ಬೋಕಿ ಎನ್ನುತ್ತೇವೆ. ಮಕ್ಕಳು ಗೀಟು ಹಾಕಿ ಕುಂಟಾಟ ಆಡುವ ವಸ್ತು. ಅದನ್ನು ಐವತ್ತು ದಾಟಿದ ಗಂಡಸು ದಿನಾ ದನ ಮೇಯಿಸಲು ಹೋಗಿ ಹೆಗಲ ವಲ್ಲಿಯಲ್ಲಿ ಕಟ್ಟಿ ತಂದರೆ ಊರು ಸುಮ್ಮನಿರುತ್ತದೆಯೇ? ಬೋಕಿ ಮುನಿಕೃಷ್ಣ ಎಂದಿತು. ನಾನೂ ಸುಮ್ಮನಿರಲಿಲ್ಲ. “ಒಡ್ದೋಗಿರೋ ಮಡಕೆ ಬುಟ್ಟು ಒಂದ್ ನೆಟ್ಟಗಿರೋ ಮಡಕೆ ತನ್ನಿ, ಹುಳಿಯಾದ್ರೂ ಕಾಯಿಸ್ತೀನಿ” ಎನ್ನುತ್ತಿದ್ದೆ. ಹನ್ನೊಂದು ವರ್ಷ ಅದೇ ಮಾತು. ಹೊಸ ಗೇಲಿ ಹುಡುಕುವಷ್ಟೂ ಶ್ರಮ ಪಡಲಿಲ್ಲ.

ಇವರು ಹೋದದ್ದು ಜುಲೈ ಇಪ್ಪತ್ತೆರಡು. ಹನ್ನೊಂದನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟರು. ಸೋನೆ ಮಳೆ ಹಿಡಿದು ಕೊಟ್ಟಿಗೆ ಕೆಸರಾಗಿತ್ತು, ಕೆಂಪಿಯ ಗೊರಸು ಹೂತುಹೋಗುತ್ತಿತ್ತು. ಜಲ್ಲಿ ತರಿಸಲು ಯಾರಿಗೆ ಹೇಳಲಿ? ಮಂಚದ ಕೆಳಗೆ ಎರಡು ಮೂಟೆ ಇತ್ತು. ಎಳೆದು ತಂದೆ. ಸುರಿದೆ. ತುಳಿದು ಮಟ್ಟ ಮಾಡಿದೆ. ಹಸು ಒಣ ನೆಲದಲ್ಲಿ ನಿಂತಿತು. ಒಳ್ಳೆ ಕೆಲಸ ಮಾಡಿದೆ ಎಂದುಕೊಂಡೆ. ಆ ದಿನ ಎಷ್ಟು ಕೋಪವಿತ್ತೆಂದರೆ, ಹೋಗುವ ಮನುಷ್ಯ ಎರಡು ಮೂಟೆ ಬೋಕಿ ಬಿಟ್ಟು ಹೋಗುತ್ತಾನೆಯೇ ಎಂದು ಅವುಗಳ ಮೇಲೆ ಬೇಕೆಂದೇ ಕುಣಿದೆ.

ಈಗ ಅದನ್ನೇ ಪ್ರತಿಮಾ ಮೇಡಂ ಹಲ್ಲುಜ್ಜುವ ಬ್ರಷ್ಷಿನಲ್ಲಿ ಗುಡಿಸುತ್ತಿದ್ದಾರೆ.

ಫೆಬ್ರವರಿ 8, ಶನಿವಾರ

ಚೂರು ತೊಳೆಯುವುದಕ್ಕೂ ಒಂದು ಕ್ರಮವಿದೆ. ಒಂದು ಬುಟ್ಟಿಯದು ಇನ್ನೊಂದಕ್ಕೆ ಬೆರೆಯಬಾರದು. ಉಜ್ಜಬಾರದು, ಸವರಬೇಕು. ನಾನು ಮೊದಲ ದಿನ ತೆಂಗಿನ ನಾರು, ಬೂದಿ ಹಾಕಿ ತಿಕ್ಕಿದೆ. ಅತಿಯಾ ಓಡಿ ಬಂದು ಕೈ ಹಿಡಿದಳು.

“ಅಕ್ಕ, ಎರಡ್ ಸಾವಿರ ವರ್ಷದ ಹೊಳಪು ಎರಡೇ ನಿಮಿಷಕ್ಕೆ ತೆಗೆದ್ಬಿಡ್ತೀರಲ್ಲ!”

“ಮಸಿ ಅಂದ್ಕಂಡೆ ಕಣವ್ವ.”

ಅವಳ ಅಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು. ಕಂಠದ ಒಂದು ಚೂರು ಹಿಡಿದು ನೋಡಿ ಇಡೀ ಮಡಕೆಯ ಚಿತ್ರ ಬರೆದುಬಿಡುತ್ತಾಳೆ. ಹೇಗೆ ಎಂದೆ. “ನಮ್ಮಬ್ಬಾ ಬುಗುರಿ ಕಡೆಯೋದು ನೋಡ್ಕೊಂಡೇ ಬೆಳೆದದ್ದು. ಒಂದು ಬಳುಕು ಗೊತ್ತಾದ್ರೆ ಮಿಕ್ಕಿದ್ದು ತಾನೇ ತಿರುಗ್ತಾ ಬರುತ್ತೆ” ಎಂದಳು.

ಮನೋಹರ್ ಮಾತಿನ ಮಲ್ಲ. ರೋಮಿನಲ್ಲಿ ಚಕ್ರವರ್ತಿಗಳು ಆಳುತ್ತಿದ್ದ ಕಾಲಕ್ಕೆ ಇಲ್ಲಿ ಈ ಮಡಕೆಯಲ್ಲಿ ಅಡುಗೆ ಆಗುತ್ತಿತ್ತಂತೆ. ಅಲ್ಲಿಯ ಹಡಗು ನಮ್ಮ ಕರಾವಳಿಗೆ ಬರುತ್ತಿತ್ತಂತೆ. ಇದನ್ನು ಅವನು ಟೀ ಅಂಗಡಿಯಲ್ಲೂ ಹೇಳಿದ್ದಾನೆ. ಸಂಜೆಗೆ ಊರಿನಲ್ಲಿ ಸುದ್ದಿ, ಲಕ್ಷ್ಮಕ್ಕನ ಕೊಟ್ಟಿಗೆಯಲ್ಲಿ ರೋಮಿನ ಬಂಗಾರ ಸಿಕ್ಕಿದೆ ಎಂದು. ಸಿಕ್ಕಿದ್ದು ಕೆಂಪಿಯ ಹಳೇ ಮೂಗುದಾರ.

ಮೇಡಂ ಊಟಕ್ಕೆ ಕುಳಿತಾಗ ಹೇಳಿದರು, ಮಾರ್ಚ್ ನಾಲ್ಕಕ್ಕೆ ಅನುಮತಿ ಮುಗಿಯುತ್ತದೆ, ಅಷ್ಟರಲ್ಲಿ ಮನೆಯ ನೆಲವೋ ಒಲೆಯೋ ಸಿಗದಿದ್ದರೆ ಮುಂದಿನ ವರ್ಷ ಇತ್ತ ಯಾರೂ ಬರುವುದಿಲ್ಲ ಎಂದು. “ಬರೀ ಚೂರು ನಂಬಿ ಊರು ಇತ್ತು ಅಂತ ಹೇಳೋಕಾಗಲ್ಲ” ಎಂದರು.

ಫೆಬ್ರವರಿ 9, ಭಾನುವಾರ

ಅಗೆತ ಇಲ್ಲ. ಯಾರೂ ಬರಲಿಲ್ಲ. ಕೆಂಪಿಗೆ ಎರಡು ಸಲ ಮೈ ತೊಳೆದೆ.

ಫೆಬ್ರವರಿ 12, ಬುಧವಾರ

ಒಂದಡಿ ಕೆಳಗೆ ಹಾಲಿನ ಕವರ್ ಸಿಕ್ಕಿತು.

ಮನೋಹರ್ ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, “ಮೇಡಂ, ಮೇಲೆ ಎರಡ್ ಸಾವಿರ ವರ್ಷ, ಕೆಳಗೆ ಆಗಸ್ಟ್ ಎರಡು” ಎಂದ. ತಾರೀಖು ಅಳಿಸಿರಲಿಲ್ಲ. ಹನ್ನೊಂದನೇ ದಿನದ ಪಾಯಸಕ್ಕೆಂದು ತರಿಸಿದ್ದ ಹಾಲಿನದು, ಕೆಸರಿಗೆ ಬಿದ್ದು ಹೂತುಹೋಗಿತ್ತು. ಮನೆಯಲ್ಲಿ ಕರೆಯುವ ಹಸು ಇದ್ದೂ ಆ ದಿನಗಳಲ್ಲಿ ಕರೆಯಲು ಕೈ ಬರಲಿಲ್ಲವೆಂದು ಪ್ಯಾಕೆಟ್ಟು ತರಿಸಿದ್ದರು.

ಎಲ್ಲರೂ ಗುಂಡಿಯ ಸುತ್ತ ನಿಂತರು. ನಾನು ನೀರು ಬದಲಿಸಲು ಹೋದವಳು ಬುಟ್ಟಿಯನ್ನೇ ಬಾವಿಗೆ ಬಿಡುವುದರಲ್ಲಿದ್ದೆ. ಈಗ ಕೇಳುತ್ತಾರೆ, ಹೇಳಿಬಿಡೋಣ ಎಂದು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಮೇಡಂ, “ಇಲಿ ಬಿಲ ಇರಬೇಕು. ಎಳ್ಕೊಂಡು ಹೋಗಿರುತ್ತೆ. ಇನ್ನೂ ಕೆಳಗೆ ಹೋಗೋಣ” ಎಂದರು.

ಬೇರೆಯವರು ತಪ್ಪು ಮಾಡಿ ಇಲಿಯ ಮೇಲೆ ಹಾಕುವುದನ್ನು ಕೇಳಿದ್ದೆ. ಇಲ್ಲಿ ಇಲಿಯೇ ತಾನಾಗಿ ಮುಂದೆ ಬಂದು ನನ್ನನ್ನು ಕಾಪಾಡಿತು.

ಫೆಬ್ರವರಿ 13, ಗುರುವಾರ

ಕೊಟ್ಟಿಗೆಯಲ್ಲಿ ಇನ್ನರ್ಧ ಅಡಿ ಇಳಿದರು. ಬರೀ ಕೆಮ್ಮಣ್ಣು.

ಫೆಬ್ರವರಿ 14, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ಚೂರು ತೊಳೆಯುವಾಗ ಒಂದರ ಒಳಮೈಯಲ್ಲಿ ಬೆರಳಿನ ಗುರುತು ಕಂಡಿತು. ಒಣಗುವ ಮುಂಚೆ ಯಾರೋ ಒತ್ತಿದ್ದು. ನನ್ನ ಹೆಬ್ಬೆರಳು ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಇದನ್ನು ಇವರು ಒಂದು ದಿನ ಅಡುಗೆಮನೆ ಬಾಗಿಲಿಗೆ ತಂದು “ಇಲ್ನೋಡು, ಹೆಣ್ಣಾಳಿನ ಬೆರಳು ಕಣೆ, ನಿನ್ ಬೆರಳಷ್ಟೇ ಐತೆ” ಎಂದು ತೋರಿಸಿದ್ದರು. ನಾನು ಸಾಸಿವೆ ಸೀದುಹೋಗುತ್ತದೆ ಎಂದಿದ್ದೆ.

ಎದ್ದು ಹೋಗಿ ಗುಂಡಿಯ ಅಂಚಿನಲ್ಲಿ ನಿಂತು, “ಮೇಡಂ, ಅಗೀಬ್ಯಾಡಿ. ಈ ಬೋಕಿ ಇಲ್ಲೀದಲ್ಲ. ನಾನೇ ಸುರ್ದಿದ್ದು. ಗುಂಡಿಗೆ ಇಕ್ದೊ ಅಂದದ್ದು ಸುಳ್ಳು” ಎಂದೆ.

ಮೇಡಂ ನಿಧಾನವಾಗಿ ಮೇಲೆ ಹತ್ತಿ ಬಂದರು.

“ಮೂಟೇಲಿ ಚೀಟಿ ಏನಾದ್ರೂ ಇತ್ತಾ? ಎಲ್ಲಿ ಸಿಕ್ತು ಅಂತ?”

“ಇತ್ತು. ಒಂದೊಂದು ಗಂಟಿಗೂ ಒಂದೊಂದು.”

“ಆ ಚೀಟಿ?”

“ಹಂಡೆ ಒಲೆಗೆ ಹಾಕ್ದೆ.”

ಮೇಡಂ ಹೋಗಿ ಜೀಪಿನಲ್ಲಿ ಕುಳಿತರು. ಬಾಗಿಲು ಹಾಕಿಕೊಂಡರು. ಕಾಲು ಗಂಟೆ ಅಲ್ಲಿಯೇ ಇದ್ದರು. ನಾನು ಬಿಸಿಲಲ್ಲಿ ನಿಂತಿದ್ದೆ, ಹೋಂವರ್ಕ್ ಮಾಡದ ಹುಡುಗಿಯ ಹಾಗೆ. ಕೊನೆಗೆ ಗಾಜು ಇಳಿಸಿದರು.

“ನಿಮ್ಮ ಪದ್ಧತಿ ಬಗ್ಗೆ ಒಂದು ಪುಟ ಬರೆದಿದ್ದೀನಲ್ಲ ನಾನು.”

“ಹರ್ದಾಕ್ಬುಡಿ ಮೇಡಂ.”

“ಹರಿಯೋ ಹಾಗಿಲ್ಲ. ನಂಬರ್ ಹಾಕಿರೋ ಪುಟ. ಅಡ್ಡಗೀಟು ಎಳೆದು ಸಹಿ ಹಾಕ್ಬೇಕು.” ಆಮೇಲೆ, “ಎಲ್ಲಿ ಆರಿಸ್ತಿದ್ರು ಅವರು? ಅದಾದ್ರೂ ಗೊತ್ತಾ?” ಎಂದರು.

ಗೊತ್ತಿರಲಿಲ್ಲ. ದಿನಾ ಹೇಳುತ್ತಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. “ಹಸ ಹೊಡ್ಕಂಡು ಹೋಗೋರು. ಹಸ ಹೋದ್ ಕಡೆ” ಎಂದೆ.

“ಹಾಗಾದ್ರೆ ಹಸು ಬಿಚ್ಚಿ” ಎಂದರು ಮೇಡಂ. ತಮಾಷೆಯೋ ಕೋಪವೋ ಗೊತ್ತಾಗಲಿಲ್ಲ.

ಫೆಬ್ರವರಿ 15, ಶನಿವಾರ

ತಮಾಷೆಯಲ್ಲ. ಬೆಳಿಗ್ಗೆ ಎಂಟಕ್ಕೆ ಕೆಂಪಿಯನ್ನು ಬಿಚ್ಚಿದೆವು. ಮುಂದೆ ಹಸು, ಹಿಂದೆ ಮೇಡಂ, ಅವರ ಹಿಂದೆ ಮನೋಹರ್ ಅಳತೆ ಪಟ್ಟಿ ಹಿಡಿದು, ಅತಿಯಾ ನಕ್ಷೆ ಹಿಡಿದು, ಕೊನೆಗೆ ಬರಿಗೈಯಲ್ಲಿ ನಾನು. ಕೋಡಿಹಳ್ಳಿ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು.

ಏಳು ತಿಂಗಳಿಂದ ಮನೆಯ ಸುತ್ತಲೇ ಮೇದ ಹಸು. ಮರೆತಿರುತ್ತದೆ ಎಂದುಕೊಂಡಿದ್ದೆ. ಅದು ಎಲ್ಲಿಯೂ ನಿಲ್ಲದೆ ಹಳ್ಳ ದಾಟಿ, ಬದು ಹತ್ತಿ, ಬೇಲಿಯ ಕಿಂಡಿಯಲ್ಲಿ ನುಗ್ಗಿ ನೇರವಾಗಿ ತಿಮ್ಮಯ್ಯನ ಹಿಪ್ಪುನೇರಳೆ ತೋಟಕ್ಕೆ ಬಾಯಿ ಹಾಕಿತು.

ತಿಮ್ಮಯ್ಯ ನಮ್ಮ ಪಕ್ಕದ ಜಮೀನಿನವನು. ಇವರ ಜೊತೆ ಶಾಲೆಗೆ ಹೋದವನು, ಇವರ ಜೊತೆ ಮಾತು ಬಿಟ್ಟವನು. ಹುಳು ಸಾಕುವ ಮನೆಯಿಂದ ದೊಣ್ಣೆ ಹಿಡಿದು ಓಡಿ ಬಂದ.

“ಯಾರ್ಲಾ ಅದು, ಸೊಪ್ಪಿಗೆ ದನ ಬುಟ್ಟಿರೋನು! ಓಹೋ, ಅತ್ತಿಗೆನಾ? ಏನಿದು, ಹಸೀಗೆ ದಿಬ್ಬಣ ಹೊಂಡ್ಸಿದ್ದೀರಾ?”

“ಅದಾಗೇ ನುಗ್ತು ತಿಮ್ಮಯ್ಯಣ್ಣ.”

“ನಿನ್ ಗಂಡನೂ ಇದೇ ಅನ್ನೋನು! ಹಸ ನುಗ್ತು ಅಂತ ಬರೋನು, ಆ ಗುಡ್ಡೆತಾವ ಕುಕ್ಕರಗಾಲಲ್ಲಿ ಕುಂತ್ಕಬುಡೋನು. ಹನ್ನೊಂದ್ ವರ್ಷ ಬೈದಿವ್ನಿ ಅವನ್ನ!”

“ಯಾವ ಗುಡ್ಡೆ?” ಎಂದರು ಮೇಡಂ.

ತಿಮ್ಮಯ್ಯ ದೊಣ್ಣೆ ಎತ್ತಿ ತೋಟದ ಆ ತುದಿಯಲ್ಲಿ ಲಂಟಾನ ಮುಚ್ಚಿದ್ದ ದಿಬ್ಬ ತೋರಿಸಿದ. ತೋರಿಸಿದ ಮೇಲೆ ಮೇಡಂ ಟೋಪಿ, ಮನೋಹರನ ಪಟ್ಟಿ, ಅತಿಯಾಳ ನಕ್ಷೆ ಒಂದೊಂದಾಗಿ ನೋಡಿದ. ದೊಣ್ಣೆ ಇಳಿಸಿದ.

“ಗುಡ್ಡೆನೂ ಇಲ್ಲ, ಏನೂ ಇಲ್ಲ. ಹೋಗಿ” ಎಂದ.

ಅಷ್ಟರಲ್ಲಿ ಅತಿಯಾ ಬೇಲಿಯ ಈಚೆಯಿಂದಲೇ ಒಂದು ಕರಿ ಚೂರು ಹೆಕ್ಕಿದ್ದಳು. ತೊಳೆಯದೆಯೇ ನನಗೆ ಗೊತ್ತಾಯಿತು. ಒಳಗೆ ಕಪ್ಪು, ಅಂಚು ಕೆಂಪು. ಅದೇ ಜಾತಿ.

ಹನ್ನೊಂದು ವರ್ಷ ನಾನು ಆ ಹಸುವನ್ನು ತುಡುಗು ದನ ಎಂದು ಬೈದಿದ್ದೇನೆ. ಕಲಿಸಿದವರು ಬೇರೆ.

ಫೆಬ್ರವರಿ 17, ಸೋಮವಾರ

ದಿಬ್ಬ ಅಗೆಯಲು ತಿಮ್ಮಯ್ಯನ ಒಪ್ಪಿಗೆ ಪತ್ರ ಬೇಕು. ಮೇಡಂ ಕೇಳಿದರು, ಕೊಡಲಿಲ್ಲ. ಮನೋಹರ್ ಎರಡು ಸಾವಿರ ವರ್ಷದ ಇತಿಹಾಸ ಹೇಳಿದ, ತಿಮ್ಮಯ್ಯ ಆಕಳಿಸಿದ. ಕೊನೆಗೆ ನಾನು ಹೋದೆ. ಇವರು ಹೋದಮೇಲೆ ಒಬ್ಬರ ಮನೆಯ ಬಾಗಿಲಿಗೆ ನಾನಾಗಿ ಹೋದದ್ದು ಇದೇ ಮೊದಲು. ಹೋದದ್ದು ಜಗಳಕ್ಕೆ.

“ಏನಾರ ಸಿಕ್ತು ಅನ್ನು, ಸರ್ಕಾರದೋರು ಬೋರ್ಡ್ ನೆಟ್ಬುಡ್ತಾರೆ. ಆಮೇಲೆ ಸೊಪ್ಪು ಕೊಯ್ಯಕ್ಕೂ ಅವ್ರನ್ನೇ ಕೇಳ್ಬೇಕು” ಎಂದ.

“ನನ್ ಕೊಟ್ಟಿಗೆ ಅಗೆದ್ರಲ್ಲ, ಬೋರ್ಡ್ ಎಲ್ಲೈತೆ ತೋರ್ಸು?”

“ನಿನ್ ಕೊಟ್ಟಿಗೆ ಸಗಣಿ ಯಾವ ಸರ್ಕಾರಕ್ಕೆ ಬೇಕು ಅತ್ತಿಗೆ?”

ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ನಾಲ್ಕು ಹೊಳೆದವು.

ಅವನ ಹೆಂಡತಿ ಕೆಂಚಮ್ಮ ಬಲಗೈಗೆ ಬ್ಯಾಂಡೇಜು ಕಟ್ಟಿಕೊಂಡು ಜಗುಲಿಯಲ್ಲಿ ಕುಳಿತಿದ್ದಳು. ಬಚ್ಚಲಲ್ಲಿ ಜಾರಿ ಮೂಳೆ ಮುರಿದಿದೆ. “ಹುಳ ನಾಕ್ನೇ ಜ್ವರದಲ್ಲಿ ಅವೆ, ಎದ್ರೆ ನಾನು ಒಂದೇ ಕೈಲಿ ಏನ್ ಮಾಡ್ಲಿ ಹೇಳು” ಎಂದಳು. ನಮ್ಮಲ್ಲಿ ರೇಷ್ಮೆ ಹುಳು ಪೊರೆ ಬಿಡಲು ತಿನ್ನದೆ ಮಲಗುವುದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಕೊನೆಯದು. ಎದ್ದಮೇಲೆ ಒಂದು ವಾರ ರಕ್ಕಸರ ಹಾಗೆ ತಿಂದು ಹಣ್ಣಾಗುತ್ತವೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತವೆ.

ಫೆಬ್ರವರಿ 20, ಗುರುವಾರ

ಮೇಡಂ ಗಂಟುಮೂಟೆ ಕಟ್ಟುವ ಮಾತಾಡುತ್ತಿದ್ದಾರೆ. ಕೊಟ್ಟಿಗೆಯ ಚೂರುಗಳನ್ನು ಮತ್ತೆ ಎರಡು ಮೂಟೆ ಮಾಡಿ ನನಗೇ ಕೊಟ್ಟರು. ಎಲ್ಲಿಂದ ಬಂತು ಎಂದು ಗೊತ್ತಿಲ್ಲದ ಚೂರು ವರದಿಗೆ ಬರುವುದಿಲ್ಲವಂತೆ. ತೊಳೆದು, ನಂಬರು ಬರೆದ ಮೂಟೆ. ನಮ್ಮ ಮನೆಯವರ ಕೈಯಲ್ಲಿ ಅವು ಇಷ್ಟು ಚೊಕ್ಕಟವಾಗಿ ಇರಲಿಲ್ಲ.

ಮಂಚದ ಕೆಳಗೆ ತಳ್ಳಿದೆ. ಕೆಂಪಿಗೆ ಜಲ್ಲಿ ತರಿಸಿದೆ.

ಫೆಬ್ರವರಿ 23, ಭಾನುವಾರ

ಬೆರಳೆಲ್ಲ ಅಂಟು. ಆದರೂ ಬರೆಯಬೇಕು.

ಬೆಳಿಗ್ಗೆ ಹಾಲು ಹಾಕಿ ಬರುವಾಗ ತಿಮ್ಮಯ್ಯನ ಮನೆಯಿಂದ ಕೆಂಚಮ್ಮನ ಕೂಗು ಕೇಳಿತು. ಬಿಸಿಲಿಗೆ ಹುಳುವೆಲ್ಲ ಒಟ್ಟಿಗೆ ಹಣ್ಣಾಗಿಬಿಟ್ಟಿವೆ. ಹಣ್ಣಾದ ಹುಳುವನ್ನು ಅಂದೇ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಡಬೇಕು, ಇಲ್ಲದಿದ್ದರೆ ಕಸದಲ್ಲೇ ನೂಲು ಉಗುಳಿ ಹಾಳಾಗುತ್ತವೆ. ಆಳುಗಳೆಲ್ಲ ಮರಳವಾಡಿಗೆ ಮದುವೆಗೆ ಹೋಗಿದ್ದಾರೆ. ತಿಮ್ಮಯ್ಯ ಬಾಗಿಲಲ್ಲಿ ನಿಂತಿದ್ದ, ಯಾರನ್ನೂ ಕರೆಯದೆ. ಕರೆಯುವುದು ಅವನ ಜಾಯಮಾನವಲ್ಲ. ನನಗೆ ಗೊತ್ತು, ನಾನೂ ಅದೇ ಜಾಯಮಾನದವಳು.

ನೇರವಾಗಿ ಮೇಡಂ ಬಿಡಾರಕ್ಕೆ ಹೋದೆ. “ಮೇಡಂ, ಒಡೀದಂಗೆ ಎತ್ತೋದ್ರಲ್ಲಿ ನಿಮ್ಮೋರ್ ಕೈ ಚೆಂದ. ಇವತ್ತೊಂದಿನ ನಮ್ಗೆ ಕೊಡಿ” ಎಂದೆ. ಕೂಲಿಯವರ ಮಾತು ಬೇರೆ, ಮೈಸೂರಿನ ಮೇಡಮ್ಮಿಗೆ ಕೆಲಸ ಹೇಳುವಷ್ಟು ಧೈರ್ಯ ಎಲ್ಲಿಂದ ಬಂತೋ.

ಎಲ್ಲರೂ ಬಂದರು. ಬಾಗಿಲಲ್ಲೇ ತಿಮ್ಮಯ್ಯ ತಡೆದ.

“ಮಣ್ ಅಗೆಯೋ ಕೈಗೆ ಹುಳ ಕೊಟ್ರೆ ಉಳ್ಕತವಾ ಅತ್ತಿಗೆ?”

“ನೀನ್ ಹಿಂಗೇ ಮಾತಾಡ್ತಾ ನಿಂತ್ಕಂಡ್ರೂ ಉಳಿಯಕ್ಕಿಲ್ಲ. ಸರಿ ಒಸಿ.”

ಎಲ್ಲರಿಗೂ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆಸಿದ. ಮನೋಹರನ ಹತ್ತಿರ ಬಂದು ಮೂಗು ಅರಳಿಸಿದ. “ಏನ್ ಬಳ್ಕಂಡಿದ್ದೀಯಪ್ಪ ಮಾರಾಯ? ಈ ಸೆಂಟಿನ ವಾಸ್ನೆಗೆ ಅರ್ಧ ಹುಳ ಗೊಟಕ್ ಅಂತವೆ!” ಮನೋಹರ್ ತೊಟ್ಟಿಯ ಹತ್ತಿರ ಹೋಗಿ ಬಟ್ಟೆ ಸೋಪಿನಲ್ಲಿ ಮೈ ತೊಳೆದು, ತಿಮ್ಮಯ್ಯನ ಪಂಚೆ ಉಟ್ಟು ಬಂದ. ಮೊಳಕಾಲಿಗೆ ಬರುತ್ತಿತ್ತು. ಕೆಂಚಮ್ಮ ಬ್ಯಾಂಡೇಜಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ನಾನು ನಕ್ಕೆ.

ಹಣ್ಣಾದ ಹುಳು ಬೆಳಕಿಗೆ ಹಿಡಿದರೆ ಹೊಂಬಣ್ಣದ ಗಾಜಿನಂತೆ ಕಾಣುತ್ತದೆ. ಮೇಡಂ ಮೊದಲು ಹೆದರಿದರು, ಆಮೇಲೆ ಎಲ್ಲರಿಗಿಂತ ನಾಜೂಕಾಗಿ ಎತ್ತಿದರು. ಅತಿಯಾಳ ಅಜ್ಜಿ ರಾಮನಗರದಲ್ಲಿ ನೂಲು ಬಿಚ್ಚುತ್ತಿದ್ದವರಂತೆ. “ಗೂಡು ಕುದಿಯೋದು ನೋಡೇ ಬೆಳೆದೆ ಅಕ್ಕ, ಹುಳ ಜೀವಂತ ಹಿಡ್ಕೊಂಡಿದ್ದು ಇವತ್ತೇ” ಎಂದು ಅಂಗೈ ಮೇಲೆ ಒಂದನ್ನು ಸುಮ್ಮನೆ ಇಟ್ಟುಕೊಂಡಿದ್ದಳು. ತಿಮ್ಮಯ್ಯ ಬೈದ. ಬಿಟ್ಟಳು.

ಸಂಜೆ ಐದಕ್ಕೆ ಕೊನೆಯ ಚಂದ್ರಿಕೆ ತುಂಬಿತು. ನಾನೇ ಕೆಂಚಮ್ಮನ ಅಡುಗೆಮನೆಗೆ ನುಗ್ಗಿ ಆರು ಜನಕ್ಕೆ ಉಪ್ಪಿಟ್ಟು ಮಾಡಿದೆ, ಉಪ್ಪು ಕಡಿಮೆಯಾಯಿತು. ತಿಮ್ಮಯ್ಯ ಕಾಫಿ ಲೋಟ ಹಿಡಿದು ಗೋಡೆಯ ಕಡೆ ನೋಡುತ್ತ ಹೇಳಿದ:

“ನಾಳೆ ಬನ್ನಿ. ಲಂಟಾನ ನಾನೇ ಕಡಿದ್ಕೊಡ್ತೀನಿ. ಸೊಪ್ಪಿನ ಒಂದ್ ಬೇರು ಮುರುದ್ರೂ ಸುಮ್ಕಿರಕ್ಕಿಲ್ಲ. ಅಗೆದದ್ದು ಅಗೆದಂಗೇ ಮುಚ್ಕೊಟ್ಟೋಗ್ಬೇಕು.”

ಮೇಡಂ ಪತ್ರ ತೆಗೆದರು, ಅವನು ಸಹಿ ಹಾಕಿದ. ನಾನು ಹೊರಡುವಾಗ ಹಿಂದೆಯೇ ಅಂಗಳದವರೆಗೆ ಬಂದ.

“ಬೆಳಗಾದ್ರೆ ಬೈಯಕ್ಕೆ ಒಬ್ನಿದ್ದ ಕಣತ್ತಿಗೆ” ಎಂದ. ಅಷ್ಟೇ ಹೇಳಿ ಒಳಗೆ ಹೋದ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಉಪವಾಸ ಮಾಡಬೇಕೆಂದಿದ್ದೆ. ದಿಬ್ಬದ ಮೇಲೆ ಎಲ್ಲರೂ ಅಗೆಯುತ್ತಿದ್ದರು, ಉಪವಾಸದ ನೆನಪಾಗುವಷ್ಟರಲ್ಲಿ ಎರಡು ಬನ್ನು ತಿಂದಿದ್ದೆ. ಶಿವನಿಗೆ ಈ ವರ್ಷ ನನ್ನ ಮೇಲೆ ಕೋಪಿಸಿಕೊಳ್ಳಲು ಇನ್ನೂ ದೊಡ್ಡ ಕಾರಣಗಳಿವೆ.

ಮೇಲೆ ಒಂದು ಗೇಣು ಸಡಿಲ ಮಣ್ಣು, ಕೆಳಗೆ ಬೂದಿ ಬಣ್ಣದ ಪದರ. ನಾನು ಜರಡಿ ಹಿಡಿದೆ. ಕಂಠದ ಚೂರು ಹದಿನಾಲ್ಕು, ತಳದ್ದು ಆರು. ಗೀಟಿನ ಕೆಲಸ ಇದ್ದದ್ದು ಮೂರು. ಅತಿಯಾ ಹೇಳುವ ಮೊದಲೇ ಬೇರೆ ಬೇರೆ ಬುಟ್ಟಿಗೆ ಹಾಕಿದ್ದೆ. ಮಧ್ಯಾಹ್ನ ಮನೆಗೆ ಬರುವಾಗ ಮನುಷ್ಯರ ಮುಖ ನೋಡದೆ ನೆಲ ನೋಡುತ್ತ ನಡೆದು ವಿದ್ಯುತ್ ಕಂಬಕ್ಕೆ ಹಣೆ ಗುದ್ದಿಕೊಂಡೆ.

ಮಾರ್ಚ್ 1, ಶನಿವಾರ

ನೆಲ ಸಿಕ್ಕಿತು.

ಹತ್ತೂವರೆ ಹೊತ್ತಿಗೆ ಮನೋಹರನ ಕರಣೆ ಗಟ್ಟಿಯಾದುದಕ್ಕೆ ತಗುಲಿ ಟಪ್ ಎಂದಿತು. ಅವನು ಕರಣೆ ಕೆಳಗಿಟ್ಟು ಮೇಡಂ ಕಡೆ ಕೈ ಬೀಸಿದ. ಸಂಜೆಯವರೆಗೆ ಬ್ರಷ್ಷಿನಲ್ಲೇ ಬಿಡಿಸಿದರು. ಸುಣ್ಣದ ಕಲ್ಲು ಬೆರೆಸಿ ಬಡಿದ ನೆಲ. ಗುಂಡಗೆ ಒಂಬತ್ತು ಕಂಬದ ಕುಳಿ. ನಡುವೆ ಮೂರು ಕಲ್ಲಿನ ಒಲೆ. ಒಲೆಯ ಪಕ್ಕ ಬೀಸುವ ಕಲ್ಲಿನ ಅರ್ಧ. ಒಂದು ಮಡಕೆಯ ತಳದಲ್ಲಿ ಸುಟ್ಟು ಕರಿಯಾದ ಕಾಳು ಒಂದು ಹಿಡಿಯಷ್ಟು. ಮೇಡಂ ಭೂತಗನ್ನಡಿ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು.

“ಏನಿದು, ಹೇಳಿ ಲಕ್ಷ್ಮಮ್ಮ.”

“ಹುರುಳಿ.”

ಸೀದಿತ್ತು. ಯಾರೋ ಒಲೆ ಮೇಲಿಟ್ಟು ಬೇರೆ ಕಡೆ ನೋಡಿದ್ದಾರೆ.

ರೋಮಿನದು ಏನೂ ಸಿಗಲಿಲ್ಲ. ಊರಿನಿಂದ ಬಂಗಾರ ನೋಡಲು ಬಂದ ಇಪ್ಪತ್ತು ಜನ ಹುರುಳಿ ನೋಡಿ ಹೋದರು. ತಿಮ್ಮಯ್ಯ ಗುಂಡಿಯೊಳಗೆ ಬಗ್ಗಿ, “ಎರಡ್ ಸಾವ್ರ ವರ್ಷದಿಂದ ಈ ಭೂಮೀಲಿ ಹುರುಳಿ ಬುಟ್ರೆ ಬ್ಯಾರೆ ಬೆಳೆದಿಲ್ವಾ? ಹಂಗಂತಿದ್ದ ನಮ್ಮಪ್ಪ ಸುಳ್ಳೇನೂ ಹೇಳಿರ್ನಿಲ್ಲ ಬುಡು” ಎಂದ. ಬೋರ್ಡಿನ ಮಾತು ಎತ್ತಲಿಲ್ಲ. ಮನೆಯಿಂದ ಕೆಂಚಮ್ಮನನ್ನು ಕೈ ಹಿಡಿದು ಕರೆತಂದು ಒಲೆ ತೋರಿಸಿದ.

ಮೇಡಂ ಎದ್ದು ನಿಂತು ಸೊಂಟ ಸರಿಮಾಡಿಕೊಂಡು ಹೇಳಿದರು: “ಮುನಿಕೃಷ್ಣ ಅವರು ಬರೆದದ್ದು ಸರಿ. ಒಕ್ಕಲು ಊರೇ ಇದು. ಮುಂದಿನ ವರ್ಷ ದೊಡ್ಡದಾಗಿ ಅಗೀಬಹುದು.”

ನಾನು ನೀರಿನ ಬಿಂದಿಗೆ ಖಾಲಿಯಾಗಿದೆಯೇ ನೋಡಲು ಹಿಪ್ಪುನೇರಳೆ ಸಾಲಿನ ಆಚೆಗೆ ಹೋದೆ. ಬಿಂದಿಗೆ ತುಂಬಿತ್ತು. ಸ್ವಲ್ಪ ಹೊತ್ತು ಅದರ ಪಕ್ಕದಲ್ಲಿ ಕುಳಿತು ಬಂದೆ.

ಮಾರ್ಚ್ 3, ಸೋಮವಾರ

ಸಂಜೆ ಆರೂವರೆ. ಚಿತ್ರ, ಅಳತೆ ಎಲ್ಲ ಮುಗಿಯಿತು. ಮಳೆ, ದನ, ಬಂಗಾರದ ಆಸೆಯವರು, ಇಷ್ಟರಿಂದಲೂ ಉಳಿಯಬೇಕಾದರೆ ಅಗೆದ ಗುಂಡಿಯನ್ನು ಮುಚ್ಚಬೇಕಂತೆ. ಸಿಕ್ಕಿದ್ದನ್ನು ಮತ್ತೆ ಹೂಳುವುದಕ್ಕೆ ಇಷ್ಟು ಓದಬೇಕೇ ಎಂದೆ. ಅತಿಯಾ ನಕ್ಕಳು.

ಜುಲೈನಲ್ಲಿ ಇವರನ್ನು ನಮ್ಮ ಹೊಲದ ಮೇಲ್ಬದುವಿನಲ್ಲೇ ಮಣ್ಣು ಮಾಡಿದರು. ಎಲ್ಲರೂ ಮೂರು ಹಿಡಿ ಹಾಕಿದರು. ಯಾರೋ ನನ್ನ ಕೈಗೂ ಮಣ್ಣು ಕೊಟ್ಟರು. ಹಸು ಕಟ್ಟಿಲ್ಲ ಎಂದು ಹೇಳಿ ನಾನು ಮನೆಯ ಕಡೆ ನಡೆದುಬಿಟ್ಟೆ. ಹಸು ಕಟ್ಟಿಯೇ ಇತ್ತು. ಆ ಮಣ್ಣು ಮನೆಯವರೆಗೂ ಮುಷ್ಟಿಯಲ್ಲೇ ಇತ್ತು. ಎಲ್ಲಿ ಹಾಕಿದೆನೋ ನೆನಪಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಯಾರೂ ಕೇಳಿಯೂ ಇಲ್ಲ.

ಮುಚ್ಚುವಾಗ ಮೊದಲು ತಳಕ್ಕೆ ಬಟ್ಟೆ ಹಾಸಿ, ಅದರ ಮೇಲೆ ಜರಡಿ ಹಿಡಿದ ನಯ ಮಣ್ಣನ್ನು ಕೈಯಲ್ಲೇ ಹಾಕಬೇಕು. ಗುದ್ದಲಿಯಲ್ಲಿ ತಳ್ಳಿದರೆ ಒಲೆ ಅಲುಗುತ್ತದೆ. ಹೊತ್ತು ಹಿಡಿಯುವ ಕೆಲಸ, ಯಾರು ಮಾಡುತ್ತೀರಿ ಎಂದು ಮೇಡಂ ಕೇಳಿದರು. “ನಾನು” ಎಂದೆ.

ನಾಳೆ ಎಂಟು ಗಂಟೆಗೆ ಶುರು.